ಸರ್ವರ್ ಕಲಿಕೆಗೆ ಒಂದು ದಪ್ಪ ಪುಸ್ತಕ

ಬೇರೆ ಕಂಪ್ಯೂಟರುಗಳು ಕೇಳಿದ್ದನ್ನು ಒದಗಿಸಲು ಹಗಲೂ ರಾತ್ರಿ ಚಾಲೂ ಇರುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಪರೀಕ್ಷೆಯ ಫಲಿತಾಂಶ ತೋರಿಸುವ ಜಾಲತಾಣ, ಕಚೇರಿಯ ಇಮೇಲ್, ನಾಡಕಚೇರಿಯಲ್ಲಿ ಪಹಣಿ ತೆಗೆದುಕೊಡುವ ತಂತ್ರಾಂಶ, ಇವೆಲ್ಲದರ ಹಿಂದೆಯೂ ಒಂದಲ್ಲ ಒಂದು ಸರ್ವರ್ ಇರುತ್ತದೆ. ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಮಾತು ಕಿವಿಗೆ ಬೀಳದವರು ಇಂದು ವಿರಳ. ಅದು ಡೌನ್ ಆಗದಂತೆ ನೋಡಿಕೊಳ್ಳುವವರು, ಡೌನ್ ಆದರೆ ಮತ್ತೆ ಎಬ್ಬಿಸಿ ನಿಲ್ಲಿಸುವವರು ಸಿಸ್ಟಂ ಅಡ್ಮಿನ್‌ಗಳು. ಬಳಕೆದಾರರಿಗೆ ಖಾತೆ ತೆರೆಯುವುದು, ಯಾರು ಯಾವ ಫೈಲನ್ನು ಮುಟ್ಟಬಹುದೆಂದು ಗೊತ್ತುಮಾಡುವುದು, ತಂತ್ರಾಂಶಗಳನ್ನು ಅಪ್‌ಡೇಟ್ ಮಾಡುವುದು, ಲಾಗ್ ಓದುವುದು, ಬ್ಯಾಕಪ್ ತೆಗೆಯುವುದು ಅವರ ನಿತ್ಯದ ಕೆಲಸ.

ನಮ್ಮ ಕಾಲೇಜುಗಳಲ್ಲಿ ಇದನ್ನು ಹೇಳಿಕೊಡುವ ಪ್ರತ್ಯೇಕ ವಿಷಯ ಅಪರೂಪ. ಇಂಜಿನಿಯರಿಂಗ್ ಪಠ್ಯದಲ್ಲಿ ಆಪರೇಟಿಂಗ್ ಸಿಸ್ಟಂನ ಸಿದ್ಧಾಂತ ಇರುತ್ತದೆ; ಡಿಸ್ಕ್ ತುಂಬಿ ನಿಂತುಹೋದ ಸರ್ವರನ್ನು ಏನು ಮಾಡಬೇಕೆಂಬುದು ಇರುವುದಿಲ್ಲ. ಹಾಗಾಗಿ ಹೆಚ್ಚಿನವರು ಕೆಲಸಕ್ಕೆ ಸೇರಿದ ಮೇಲೆ, ಪಕ್ಕದ ಹಿರಿಯರನ್ನು ಕೇಳಿ, ಅಂತರ್ಜಾಲದಲ್ಲಿ ಹುಡುಕಿ ಕಲಿಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಒಂದು ತೊಡಕಿದೆ. ಹುಡುಕಾಟದಲ್ಲಿ ಉತ್ತರ ಸಿಗುವುದು ಕೇಳಿದ ಪ್ರಶ್ನೆಗೆ ಮಾತ್ರ. ಕೇಳಬೇಕಾದ ಪ್ರಶ್ನೆ ಯಾವುದು ಎಂದೇ ತಿಳಿಯದವರಿಗೆ ಅದು ಹೆಚ್ಚು ಉಪಕಾರಿಯಲ್ಲ. ‘ಪರ್ಮಿಷನ್ ಡಿನೈಡ್’ ಎಂದು ಬಂದರೆ ಫೈಲಿಗೆ 777 ಎಂಬ ಅನುಮತಿ ಕೊಡಿ ಎನ್ನುವ ಸಲಹೆ ಕ್ಷಣದಲ್ಲಿ ಸಿಗುತ್ತದೆ, ಕೆಲಸವೂ ಆಗುತ್ತದೆ. ಆ ಸರ್ವರಿನಲ್ಲಿ ಖಾತೆ ಇರುವ ಯಾರು ಬೇಕಾದರೂ ಇನ್ನು ಆ ಫೈಲನ್ನು ತಿದ್ದಬಹುದು ಎಂಬುದು ಮಾತ್ರ ಗಮನಕ್ಕೆ ಬರುವುದಿಲ್ಲ. ಒಳ್ಳೆಯ ಆಕರ ಪುಸ್ತಕ ವಿಷಯಗಳನ್ನು ಒಂದು ಕ್ರಮದಲ್ಲಿಟ್ಟು, ಕೇಳದ ಪ್ರಶ್ನೆಗಳಿಗೂ ಉತ್ತರ ಕೊಡುತ್ತದೆ.

ಈ ಕ್ಷೇತ್ರದಲ್ಲಿ ಮೊದಲು ಹೆಸರಿಸಬೇಕಾದ ಪುಸ್ತಕ ‘ಯೂನಿಕ್ಸ್ ಅಂಡ್ ಲಿನಕ್ಸ್ ಸಿಸ್ಟಂ ಅಡ್ಮಿನಿಸ್ಟ್ರೇಷನ್ ಹ್ಯಾಂಡ್‌ಬುಕ್’. ಅದರ ಮೊದಲ ಮುದ್ರಣ ಬಂದದ್ದು 1989ರಲ್ಲಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇನ್ನೂ ಹುಟ್ಟಿರದ ಕಾಲವಾದ್ದರಿಂದ ಆಗ ಹೆಸರಿನಲ್ಲಿ ಅದಕ್ಕಿಂತ ಹಳೆಯ ಯೂನಿಕ್ಸ್ ಮಾತ್ರ ಇತ್ತು. ಮುಖ್ಯ ಲೇಖಕಿ ಈವಿ ನೆಮೆತ್ ಅಮೆರಿಕದ ಬೋಲ್ಡರ್‌ನಲ್ಲಿರುವ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಗಣಿತಜ್ಞೆ. ಸಹಲೇಖಕರಲ್ಲಿ ಅವರ ವಿದ್ಯಾರ್ಥಿಗಳಾಗಿದ್ದವರೂ ಇದ್ದರು. ತರಗತಿಯಲ್ಲಿ ಸಿದ್ಧಾಂತ, ಯಂತ್ರಗಳ ಕೋಣೆಯಲ್ಲಿ ನಿಜವಾದ ತಾಪತ್ರಯ, ಈ ಎರಡನ್ನೂ ಕಂಡವರ ಬರಹ ಅದೆಂಬುದು ಓದಿದರೆ ತಿಳಿಯುತ್ತದೆ. 1995 ಮತ್ತು 2000ದಲ್ಲಿ ಪರಿಷ್ಕೃತ ಮುದ್ರಣಗಳು ಬಂದವು. 2002ರಲ್ಲಿ ಲಿನಕ್ಸ್‌ಗೆಂದೇ ಬೇರೆ ಪುಸ್ತಕ ಬಂತು. 2010ರ ನಾಲ್ಕನೇ ಮುದ್ರಣದಲ್ಲಿ ಎರಡೂ ಒಂದಾದವು. ನಿವೃತ್ತಿಯ ಬಳಿಕ ಹಾಯಿದೋಣಿಯಲ್ಲಿ ಕಡಲು ಸುತ್ತುತ್ತಿದ್ದ ನೆಮೆತ್, 2013ರ ಜೂನ್‌ನಲ್ಲಿ ನ್ಯೂಜಿಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹೊರಟಿದ್ದ ‘ನೀನಾ’ ಎಂಬ ಹಡಗಿನೊಂದಿಗೆ ಟಾಸ್ಮನ್ ಸಮುದ್ರದಲ್ಲಿ ಕಾಣೆಯಾದರು. ಹಡಗಿನಲ್ಲಿ ಏಳು ಜನರಿದ್ದರು. ಯಾರ ಸುಳಿವೂ ಸಿಗಲಿಲ್ಲ. 2017ರ ಐದನೇ ಮುದ್ರಣವನ್ನು ಉಳಿದ ಲೇಖಕರು ಹೊರತಂದರು. ಮುಖಪುಟದಲ್ಲಿ ನೆಮೆತ್ ಹೆಸರು ಈಗಲೂ ಮೊದಲು ಬರುತ್ತದೆ.

ಸಾವಿರಕ್ಕೂ ಹೆಚ್ಚು ಪುಟಗಳ ಈ ಗ್ರಂಥವನ್ನು ಮೊದಲ ಪುಟದಿಂದ ಕಡೆಯವರೆಗೆ ಕಾದಂಬರಿಯಂತೆ ಓದಲಾಗದು, ಓದಬೇಕಾಗಿಯೂ ಇಲ್ಲ. ಮೊದಲ ಭಾಗದ ಅಧ್ಯಾಯಗಳನ್ನು, ಅಂದರೆ ಯಂತ್ರ ಬೂಟ್ ಆಗುವ ಬಗೆ, ಅಧಿಕಾರ ಮತ್ತು ಎಲ್ಲ ಹಕ್ಕುಗಳಿರುವ ರೂಟ್ ಖಾತೆ, ಪ್ರೊಸೆಸ್‌ಗಳು, ಫೈಲ್ ವ್ಯವಸ್ಥೆ, ಬಳಕೆದಾರರು, ಲಾಗ್ ಇವನ್ನು ಬಿಡದೆ ಓದಬೇಕು. ಉಳಿದವನ್ನು ಅಗತ್ಯ ಬಿದ್ದಾಗ ತೆರೆದರಾಯಿತು. ಓದುವಾಗ ಪಕ್ಕದಲ್ಲಿ ಕೆಟ್ಟರೂ ನಷ್ಟವಿಲ್ಲದ ಒಂದು ಯಂತ್ರ ಇರಲೇಬೇಕು. ಹಳೆಯ ಲ್ಯಾಪ್‌ಟಾಪ್ ಸಾಕು. ಇಲ್ಲವೇ ವರ್ಚುವಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಲ್ಲಿ ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿಕೊಂಡರೂ ನಡೆಯುತ್ತದೆ. ಕಮಾಂಡ್ ಒತ್ತಿ ನೋಡದೆ ಬರೀ ಓದಿದರೆ ಈಜುವುದನ್ನು ದಡದ ಮೇಲೆ ಕಲಿತಂತೆ.

ಅನುಮತಿಗಳ ವಿಷಯವನ್ನೇ ನೋಡೋಣ. ಪ್ರತಿ ಫೈಲಿಗೂ ಒಬ್ಬ ಮಾಲೀಕ, ಒಂದು ಗುಂಪು, ಮಿಕ್ಕವರೆಲ್ಲ ‘ಇತರರು’. ಮೂವರಿಗೂ ಓದುವ, ಬರೆಯುವ, ಚಲಾಯಿಸುವ ಹಕ್ಕನ್ನು ಬೇರೆಬೇರೆಯಾಗಿ ಕೊಡಬಹುದು. ಓದಲು 4, ಬರೆಯಲು 2, ಚಲಾಯಿಸಲು 1. ಕೂಡಿಸಿದರೆ ಒಬ್ಬೊಬ್ಬರಿಗೆ ಒಂದೊಂದು ಅಂಕಿ. 640 ಎಂದರೆ ಮಾಲೀಕ ಓದಬಹುದು, ಬರೆಯಬಹುದು, ಗುಂಪಿನವರು ಓದಬಹುದಷ್ಟೇ, ಇತರರಿಗೆ ಏನೂ ಇಲ್ಲ. ಇಷ್ಟನ್ನು ಯಾವ ಟಿಪ್ಪಣಿಯಲ್ಲಾದರೂ ಓದಬಹುದು. ಒಳ್ಳೆಯ ಪುಸ್ತಕ ಒಂದು ಹೆಜ್ಜೆ ಮುಂದೆ ಹೋಗಿ ಡೈರೆಕ್ಟರಿಗೆ ಇದೇ ಅಂಕಿಗಳ ಅರ್ಥ ಬೇರೆ ಎಂದು ತಿಳಿಸುತ್ತದೆ. ಡೈರೆಕ್ಟರಿ ಎಂದರೆ ಹೆಸರುಗಳ ಪಟ್ಟಿ. ಅಲ್ಲಿ ‘ಓದು’ ಎಂದರೆ ಪಟ್ಟಿ ನೋಡುವ ಹಕ್ಕು, ‘ಚಲಾಯಿಸು’ ಎಂದರೆ ಒಳಗೆ ಹಾಯುವ ಹಕ್ಕು, ‘ಬರೆ’ ಎಂದರೆ ಪಟ್ಟಿಗೆ ಹೆಸರು ಸೇರಿಸುವ, ತೆಗೆಯುವ ಹಕ್ಕು. ಹಾಗಾಗಿ ಒಂದು ಫೈಲನ್ನು ಅಳಿಸಲು ಆ ಫೈಲಿನ ಮೇಲೆ ಬರೆಯುವ ಹಕ್ಕು ಬೇಕಾಗಿಲ್ಲ. ಅದು ಇರುವ ಡೈರೆಕ್ಟರಿಯ ಮೇಲೆ ಹಕ್ಕಿದ್ದರೆ ಸಾಕು. ತನಗೆ ತಿದ್ದಲಾಗದ ಫೈಲನ್ನು ಅಳಿಸಲು ಮಾತ್ರ ಆಗುತ್ತದೆಂದು ಕಂಡು ಹೊಸಬರು ಕಕ್ಕಾಬಿಕ್ಕಿಯಾಗುವುದು ಇಲ್ಲಿಯೇ. ಎಲ್ಲರೂ ಬರೆಯಬಹುದಾದ ‘ಟೆಂಪ್’ ಡೈರೆಕ್ಟರಿಯಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬರು ಅಳಿಸಿಬಿಡಬಾರದಲ್ಲ, ಅದಕ್ಕೆಂದೇ ‘ಸ್ಟಿಕಿ ಬಿಟ್’ ಎಂಬ ಹೆಚ್ಚುವರಿ ಗುರುತು ಇದೆ. ಇಷ್ಟು ಅರ್ಥವಾದವರು 777ರ ಗೋಜಿಗೆ ಹೋಗುವುದಿಲ್ಲ.

ಡಿಸ್ಕ್ ತುಂಬುವುದು ಸರ್ವರಿನ ಮಾಮೂಲಿ ರೋಗ. ಎಷ್ಟು ಜಾಗ ಖರ್ಚಾಗಿದೆ ಎಂದು ಹೇಳಲು ‘ಡಿಎಫ್’ ಮತ್ತು ‘ಡಿಯು’ ಎಂಬ ಎರಡು ಕಮಾಂಡ್‌ಗಳಿವೆ. ಕೆಲವೊಮ್ಮೆ ಎರಡರ ಲೆಕ್ಕ ತಾಳೆಯಾಗುವುದಿಲ್ಲ. ದೊಡ್ಡದೊಂದು ಲಾಗ್ ಫೈಲನ್ನು ಅಳಿಸಿದ ಮೇಲೂ ಡಿಸ್ಕ್ ಫುಲ್ ಎಂದೇ ಡಿಎಫ್ ಹೇಳುತ್ತದೆ, ಅಷ್ಟು ಫೈಲುಗಳೇ ಇಲ್ಲ ಎಂದು ಡಿಯು ಹೇಳುತ್ತದೆ. ಸುಳ್ಳು ಯಾವುದೂ ಹೇಳುತ್ತಿಲ್ಲ. ಯೂನಿಕ್ಸ್ ಮಾದರಿಯ ವ್ಯವಸ್ಥೆಯಲ್ಲಿ ಫೈಲಿನ ಹೆಸರು ಬೇರೆ, ಫೈಲು ಬೇರೆ. ಫೈಲಿನ ವಿವರಗಳೆಲ್ಲ ‘ಐನೋಡ್’ ಎಂಬ ದಾಖಲೆಯಲ್ಲಿರುತ್ತವೆ; ಹೆಸರು ಅದರತ್ತ ಬೆರಳು ತೋರಿಸುತ್ತದೆ ಅಷ್ಟೇ. ಅಳಿಸಿದಾಗ ಹೋಗುವುದು ಹೆಸರು. ಯಾವುದಾದರೂ ಪ್ರೊಸೆಸ್ ಆ ಫೈಲನ್ನು ತೆರೆದು ಹಿಡಿದಿದ್ದರೆ, ಅದು ಬಿಡುವವರೆಗೆ ಜಾಗ ಖಾಲಿಯಾಗದು. ಡಿಯು ಹೆಸರುಗಳ ಜಾಡು ಹಿಡಿದು ಲೆಕ್ಕ ಹಾಕುತ್ತದೆ, ಡಿಎಫ್ ಫೈಲ್ ವ್ಯವಸ್ಥೆಯನ್ನೇ ಕೇಳುತ್ತದೆ. ತೆರೆದ ಫೈಲುಗಳ ಪಟ್ಟಿ ಕೊಡುವ ‘ಎಲ್‌ಎಸ್‌ಒಎಫ್’ ಕಮಾಂಡಿನಿಂದ ಹಿಡಿದಿಟ್ಟವರು ಯಾರೆಂದು ಪತ್ತೆಮಾಡಿ, ಆ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಜಾಗ ಮರಳಿ ಬರುತ್ತದೆ. ಇದಕ್ಕೆ ತಿರುಗುಮುರುಗಾದ ಪ್ರಕರಣವೂ ಉಂಟು: ಜಾಗ ಬೇಕಾದಷ್ಟಿದೆ, ಹೊಸ ಫೈಲು ಮಾತ್ರ ಹುಟ್ಟುತ್ತಿಲ್ಲ. ಲಕ್ಷಗಟ್ಟಲೆ ಪುಟ್ಟ ಫೈಲುಗಳು ಸೇರಿ ಐನೋಡ್‌ಗಳೇ ಮುಗಿದುಹೋಗಿರುತ್ತವೆ. ಫೈಲ್ ವ್ಯವಸ್ಥೆಯ ಈ ಒಂದು ಅಧ್ಯಾಯ ಗೊತ್ತಿದ್ದರೆ ಎರಡೂ ಒಗಟುಗಳು ಬಿಡುತ್ತವೆ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇದೇ ಅಧ್ಯಾಯದಿಂದ ಇನ್ನೊಂದು ಸಂಗತಿ ಹೊಳೆಯುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ದೀರ್ಘದ ಚಿಹ್ನೆಯೂ ಒಂದು ಸಂಕೇತವೇ, ಒತ್ತಕ್ಷರ ಮೂಡಿಸುವ ವಿರಾಮವೂ ಒಂದು ಸಂಕೇತವೇ. ‘ಕರ್ನಾಟಕ’ ಎಂಬಷ್ಟಕ್ಕೇ ಏಳು ಸಂಕೇತ, 21 ಬೈಟ್. ಅಂದರೆ ಕನ್ನಡದ ಹೆಸರು 85 ಸಂಕೇತಗಳಿಗೆ ಮುಗಿಯಿತು. ಸರ್ಕಾರಿ ಸುತ್ತೋಲೆಯ ಉದ್ದನೆಯ ಶೀರ್ಷಿಕೆಯನ್ನೇ ಫೈಲಿನ ಹೆಸರಾಗಿಸಿ ಸರ್ವರಿಗೆ ಹಾಕಲು ಹೋದರೆ ‘ಹೆಸರು ತೀರಾ ಉದ್ದ’ ಎಂಬ ದೂರು ಬರುವುದು ಈ ಕಾರಣಕ್ಕೆ.

‘ಹೀಗೇಕೆ’ ಎಂಬುದಕ್ಕೆ ಉತ್ತರ ಕೊಡುವುದು ಇಂಥ ಪುಸ್ತಕಗಳ ದೊಡ್ಡ ಗುಣ. ಬಳಕೆದಾರರ ಪಟ್ಟಿ ಇರುವ ಫೈಲಿನ ಹೆಸರಿನಲ್ಲಿ ಪಾಸ್‌ವರ್ಡ್ ಇದೆ, ಒಳಗೆ ಪಾಸ್‌ವರ್ಡ್ ಇಲ್ಲ. ಹಿಂದೆ ಅದರ ಗೂಢರೂಪ ಅಲ್ಲೇ ಇರುತ್ತಿತ್ತು. ಆ ಫೈಲನ್ನು ಎಲ್ಲರೂ ಓದಬೇಕಾಗುವುದರಿಂದ, ಗೂಢರೂಪವನ್ನು ಕದ್ದೊಯ್ದು ಬಿಡಿಸುವ ಅಪಾಯ ಹೆಚ್ಚಿದಂತೆ, ರೂಟ್ ಮಾತ್ರ ಓದಬಲ್ಲ ‘ಶಾಡೋ’ ಫೈಲಿಗೆ ಅದನ್ನು ಸಾಗಿಸಲಾಯಿತು. ಬಳಕೆದಾರನ ಪೂರ್ಣ ಹೆಸರು ಬರೆಯುವ ಅಂಕಣಕ್ಕೆ ಇಂದಿಗೂ ‘ಜಿಕಾಸ್’ ಎನ್ನುತ್ತಾರೆ. ಯೂನಿಕ್ಸ್ ಹುಟ್ಟಿದ ಬೆಲ್ ಲ್ಯಾಬ್ಸ್‌ನಲ್ಲಿ ಮುದ್ರಣಕ್ಕೆ ಬಳಸುತ್ತಿದ್ದ ಬೇರೊಂದು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಹೆಸರು ಅದು. ಆ ಯಂತ್ರ ಎಂದೋ ಹೋಯಿತು, ಹೆಸರು ಉಳಿಯಿತು.

ಪುಸ್ತಕದ ಜೊತೆಗೆ ಬಳಸಬೇಕಾದ ಇನ್ನೊಂದು ಆಕರ ಯಂತ್ರದೊಳಗೇ ಇರುತ್ತದೆ. ಅದು ‘ಮ್ಯಾನ್’ ಪುಟಗಳು, ಅಂದರೆ ಕೈಪಿಡಿ. ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ 1971ರ ನವೆಂಬರಿನದು. ಅಂದಿನ ವಿಭಾಗ ಕ್ರಮ ಅಲ್ಪಸ್ವಲ್ಪ ಬದಲಾಗಿ ಈಗಲೂ ನಡೆಯುತ್ತಿದೆ. ಲಿನಕ್ಸ್‌ನಲ್ಲಿ ಒಂದನೇ ವಿಭಾಗ ಸಾಮಾನ್ಯ ಕಮಾಂಡ್‌ಗಳಿಗೆ, ಐದನೆಯದು ಫೈಲುಗಳ ರೂಪಕ್ಕೆ, ಎಂಟನೆಯದು ಅಡ್ಮಿನ್ ಕೆಲಸಗಳಿಗೆ, ಆರನೆಯದು ಆಟಗಳಿಗೆ! ಪಾಸ್‌ವರ್ಡ್ ಬದಲಿಸುವ ಕಮಾಂಡಿಗೂ ಬಳಕೆದಾರರ ಪಟ್ಟಿಯ ಫೈಲಿಗೂ ಒಂದೇ ಹೆಸರಿರುವುದರಿಂದ, ವಿಭಾಗದ ಸಂಖ್ಯೆ ಹೇಳದೆ ಕೇಳಿದರೆ ಕಮಾಂಡಿನ ಪುಟವೇ ತೆರೆದುಕೊಳ್ಳುತ್ತದೆ. ಫೈಲಿನ ವಿವರ ಬೇಕಿದ್ದರೆ 5 ಎಂದು ಸೇರಿಸಬೇಕು. ಮ್ಯಾನ್ ಪುಟ ಕಲಿಸುವುದಿಲ್ಲ, ನೆನಪಿಸುತ್ತದೆ. ಕಲಿಸುವ ಕೆಲಸ ಪುಸ್ತಕದ್ದು. ಆಯ್ಕೆಗಳ ಸೂಕ್ಷ್ಮಕ್ಕೆ ಬಂದಾಗ ಪುಸ್ತಕಕ್ಕಿಂತ ಮ್ಯಾನ್ ಪುಟವನ್ನೇ ನಂಬಬೇಕು, ಏಕೆಂದರೆ ಅದು ಯಂತ್ರದಲ್ಲಿರುವ ತಂತ್ರಾಂಶದ ಜೊತೆಗೇ ಬಂದದ್ದು.

ಪುಸ್ತಕದ ನೆಟ್‌ವರ್ಕ್ ಭಾಗ ಹರವಾದದ್ದು. ಜಾಲದ ಹೆಸರುಗಳನ್ನು ಯಂತ್ರದ ವಿಳಾಸಗಳಿಗೆ ಹೊಂದಿಸುವ ಡಿಎನ್‌ಎಸ್, ಇಮೇಲ್, ವೆಬ್ ಎಲ್ಲವೂ ಅಲ್ಲಿವೆ. ಹೊಸಬರು ಮೊದಲು ಎಸ್‌ಎಸ್‌ಎಚ್ ಕಲಿತರೆ ಸಾಕು. ದೂರದ ಸರ್ವರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಈ ವಿಧಾನವನ್ನು 1995ರಲ್ಲಿ ಫಿನ್‌ಲೆಂಡಿನ ತಾತು ಯೂಲೊನೆನ್ ರೂಪಿಸಿದರು. ಸಾಮಾನ್ಯವಾಗಿ ಅದು 22ನೇ ಪೋರ್ಟಿನಲ್ಲಿ ಕಾಯುತ್ತಿರುತ್ತದೆ. ಡಿಎನ್‌ಎಸ್ ಸರ್ವರನ್ನೇ ನಡೆಸಬೇಕಾದವರಿಗೆ ಅದಕ್ಕೆಂದೇ ಬೇರೆ ಪುಸ್ತಕಗಳಿವೆ.

ಹೆಚ್ಚಿನವರು ಹಾರಿಸಿ ಮುಂದೆ ಹೋಗುವುದು ಬ್ಯಾಕಪ್ ವಿಷಯವನ್ನು. ಅದರ ಬೆಲೆ ತಿಳಿಯಲು 2017ರ ಜನವರಿ 31ರಂದು ಪ್ರೋಗ್ರಾಮರುಗಳ ಕೋಡ್ ಕಾಪಿಡುವ ಜಾಲತಾಣವಾದ ಗಿಟ್‌ಲ್ಯಾಬ್‌ನಲ್ಲಿ ನಡೆದದ್ದನ್ನು ನೋಡಬೇಕು. ರಾತ್ರಿ ಡೇಟಾಬೇಸಿನ ತೊಂದರೆ ಸರಿಪಡಿಸುತ್ತಿದ್ದ ಇಂಜಿನಿಯರ್ ಒಬ್ಬರು ಎರಡನೇ ಸರ್ವರಿನಲ್ಲಿ ಅಳಿಸಬೇಕಾದ ಡೈರೆಕ್ಟರಿಯನ್ನು ಮುಖ್ಯ ಸರ್ವರಿನಲ್ಲಿ ಅಳಿಸಿದರು. ತಪ್ಪು ಒಂದೆರಡು ಸೆಕೆಂಡಿನಲ್ಲೇ ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗೆ ಹಲವು ಏರ್ಪಾಡುಗಳಿದ್ದವು. ನಿತ್ಯದ ಬ್ಯಾಕಪ್ ನೋಡಿದರೆ ಅದು ನಡೆದೇ ಇರಲಿಲ್ಲ: ಡೇಟಾಬೇಸ್ ಒಂದು ಆವೃತ್ತಿ, ಬ್ಯಾಕಪ್ ತೆಗೆಯುವ ಕಮಾಂಡ್ ಇನ್ನೊಂದು ಆವೃತ್ತಿ. ವಿಫಲವಾಯಿತೆಂದು ತಿಳಿಸಬೇಕಿದ್ದ ಇಮೇಲ್‌ಗಳನ್ನೂ ಮೇಲ್ ವ್ಯವಸ್ಥೆ ತಿರಸ್ಕರಿಸಿತ್ತು. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಸಿಕ್ಕಿತು; ನಡುವಿನ ಆರು ಗಂಟೆಗಳ ಮಾಹಿತಿ ಹೋಯಿತು. ಸಂಸ್ಥೆ ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದ್ದರಿಂದ ಇಂದು ಪಾಠವಾಗಿ ಬಳಕೆಯಾಗುತ್ತಿದೆ. ಬ್ಯಾಕಪ್ ತೆಗೆದರೆ ಸಾಲದು, ಅದರಿಂದ ಮರಳಿ ಕಟ್ಟಿ ನೋಡಬೇಕು. ಅಭ್ಯಾಸದ ಯಂತ್ರದಲ್ಲಿ ಮಾಡಬಹುದಾದ ಅತ್ಯುತ್ತಮ ಪ್ರಯೋಗವೂ ಇದೇ: ಬ್ಯಾಕಪ್ ತೆಗೆದು, ಎಲ್ಲ ಅಳಿಸಿ, ಮತ್ತೆ ನಿಲ್ಲಿಸುವುದು.

ಮುದ್ರಿತ ಪುಸ್ತಕಕ್ಕೆ ವಯಸ್ಸಾಗುತ್ತದೆ, ಆದರೆ ಎಲ್ಲ ಭಾಗಕ್ಕೂ ಒಂದೇ ಸಮನಾಗಿ ಅಲ್ಲ. ಅನುಮತಿ, ಪ್ರೊಸೆಸ್, ಐನೋಡ್ ಇವುಗಳ ಪಾಠ 1989ರಲ್ಲಿದ್ದಂತೆಯೇ ಬಹುಪಾಲು ಇಂದಿಗೂ ನಿಲ್ಲುತ್ತದೆ. ಸೇವೆಗಳನ್ನು ಶುರುಮಾಡುವ ವಿಧಾನ 2010ರಲ್ಲಿ ಬಂದ ಸಿಸ್ಟಂಡಿ ಎಂಬ ತಂತ್ರಾಂಶದಿಂದಾಗಿ ಪೂರ್ತಿ ಬದಲಾಯಿತು. ಆದ್ದರಿಂದ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಯಲ್ಲಿ ಮೂರನೇ ಮುದ್ರಣ ಅಗ್ಗಕ್ಕೆ ಸಿಕ್ಕರೆ ಮೂಲತತ್ವಗಳಿಗೆ ಅಡ್ಡಿಯಿಲ್ಲ. ಬೂಟ್ ಮತ್ತು ಸೇವೆಗಳ ಅಧ್ಯಾಯವನ್ನು ಅದರಲ್ಲಿ ಓದಬಾರದು. ಕ್ಲೌಡ್, ಕಂಟೇನರ್‌ಗಳ ಪುಟಗಳು ಎಲ್ಲಕ್ಕಿಂತ ಬೇಗ ಹಳತಾಗುವಂಥವು. ಐದನೇ ಮುದ್ರಣದ ಉದಾಹರಣೆಗಳು ಡೆಬಿಯನ್, ಉಬುಂಟು, ರೆಡ್ ಹ್ಯಾಟ್, ಸೆಂಟ್‌ಒಎಸ್ ಮತ್ತು ಫ್ರೀಬಿಎಸ್‌ಡಿಗಳವು. ಇವುಗಳಲ್ಲಿ ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ. ಆ ಉದಾಹರಣೆಗಳನ್ನು ಮಾಡಿನೋಡುವವರು ಅದರ ಬದಲು ರಾಕಿ ಲಿನಕ್ಸ್ ಅಥವಾ ಆಲ್ಮಾ ಲಿನಕ್ಸ್ ಹಾಕಿಕೊಳ್ಳಬೇಕು, ಎರಡೂ ಉಚಿತ.