ತಿಂಗಳ ನೋವಿಗೆ ತಟ್ಟೆಯ ನೆರವು

ಮನೆಯ ಹೆಣ್ಣುಮಗಳು ತಿಂಗಳಿಗೊಮ್ಮೆ ಹೊಟ್ಟೆ ಹಿಡಿದುಕೊಂಡು ಮೂಲೆ ಸೇರಿದರೆ, “ಹೆಣ್ಣಾದ ಮೇಲೆ ಇದ್ದದ್ದೇ, ಮದುವೆಯಾದರೆ ಸರಿಹೋಗುತ್ತದೆ” ಎಂದು ಹಿರಿಯರು ಸಮಾಧಾನ ಹೇಳುವುದು ವಾಡಿಕೆ. ಸಾಧಾರಣ ನೋವಿನ ಮಟ್ಟಿಗೆ ಈ ಮಾತು ಸಲ್ಲಬಹುದು. ಆದರೆ ಶಾಲೆಯನ್ನೂ ಕಚೇರಿಯನ್ನೂ ಮನೆಗೆಲಸವನ್ನೂ ತಪ್ಪಿಸುವಂಥ ನೋವಿನ ಹಿಂದೆ ರೋಗವೊಂದು ಅಡಗಿರಬಹುದು. ಅದರ ಹೆಸರು ಎಂಡೊಮೆಟ್ರಿಯೋಸಿಸ್.

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಗರ್ಭನಾಳ, ಕಿಬ್ಬೊಟ್ಟೆಯ ಒಳಪೊರೆ ಮೊದಲಾದೆಡೆಗಳಲ್ಲಿ ಬೆಳೆಯುವುದೇ ಈ ವ್ಯಾಧಿಯ ಸ್ವರೂಪ. ಋತುಚಕ್ರದೊಡನೆ ಅದೂ ಕೆರಳುತ್ತದೆ. ಉರಿಯೂತವುಂಟಾಗಿ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದೂ ಉಂಟು. 1920ರ ದಶಕದಲ್ಲಿ ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್, ಮುಟ್ಟಿನ ರಕ್ತವು ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹರಿಯುವುದೇ ಇದಕ್ಕೆ ಕಾರಣವೆಂದು ಪ್ರತಿಪಾದಿಸಿದನು. ಆದರೂ ಪೂರ್ಣ ಕಾರಣವು ಇಂದಿಗೂ ಬಗೆಹರಿದಿಲ್ಲ. ಗರ್ಭಧಾರಣೆಯ ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 10ರಷ್ಟು, ಎಂದರೆ ಸುಮಾರು 19 ಕೋಟಿ ಮಂದಿ, ಇದರಿಂದ ಬಳಲುತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಜೋಳದ ನಾಡಿನ ಊಟ

ಆಹಾರದಿಂದ ಈ ವ್ಯಾಧಿಗೆ ಏನಾದರೂ ನೆರವು ದೊರೆತೀತೇ? ಅಮೆರಿಕದ 70,000ಕ್ಕೂ ಹೆಚ್ಚು ದಾದಿಯರನ್ನು ಕುರಿತ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮೀನಿನಲ್ಲಿ ದೊರೆಯುವ ಒಮೇಗಾ-3 ಕೊಬ್ಬನ್ನು ಹೆಚ್ಚಾಗಿ ಸೇವಿಸಿದವರಲ್ಲಿ ಈ ರೋಗವು ಕಡಿಮೆಯೆಂದೂ, ವನಸ್ಪತಿಯಂಥ ಟ್ರಾನ್ಸ್ ಕೊಬ್ಬನ್ನು ಹೆಚ್ಚಾಗಿ ತಿಂದವರಲ್ಲಿ ಅಧಿಕವೆಂದೂ ಅದರಿಂದ ಕಂಡುಬಂದಿತು. ಇದು ಸಂಬಂಧವನ್ನು ತೋರಿಸುತ್ತದೆಯೇ ಹೊರತು, ಊಟದಿಂದ ರೋಗ ವಾಸಿಯಾಗುವುದೆಂದು ಸಾಧಿಸುವುದಿಲ್ಲ.

ಹಿತಮಿತವಾದ ಊಟಕ್ಕಾಗಿ ದೂರ ಹುಡುಕಬೇಕಾಗಿಲ್ಲ. ಭೀಮೇಶ್ವರ ದೇವಾಲಯದಿಂದ ಹೆಸರಾದ ನೀಲಗುಂದ ಹಾಗೂ ಸುತ್ತಲಿನ ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ ಸೀಮೆಯ ಹಳೆಯ ಅಡಿಗೆಯನ್ನೇ ನೋಡಬಹುದು. ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪುಗಳಲ್ಲಿ ನಾರಿನಂಶ ಧಾರಾಳ, ರಾಗಿಯಲ್ಲಿ ಸುಣ್ಣದಂಶವಿದೆ. ಅಗಸೆ ಚಟ್ನಿಪುಡಿಯಲ್ಲಿರುವುದು ಮೀನಿನದಲ್ಲದ ಬೇರೊಂದು ಬಗೆಯ ಒಮೇಗಾ-3. ಆದರೂ ಅದು ಒಳ್ಳೆಯ ಕೊಬ್ಬೇ. ಅಧಿಕ ಸ್ರಾವದಿಂದ ರಕ್ತಹೀನತೆ ಬಂದವರು ಸೊಪ್ಪು, ಕಾಳುಗಳಿಗೆ ನಿಂಬೆರಸ ಹಿಂಡಿಕೊಳ್ಳುವುದೂ, ಊಟದೊಡನೆ ಚಹಾ ಕುಡಿಯದಿರುವುದೂ ಲೇಸು. ಕಬ್ಬಿಣದಂಶವು ಹೆಚ್ಚಾಗಿ ಮೈಗೆ ಹತ್ತುತ್ತದೆ. ಕಾಳುಗಳಿಂದ ಹೊಟ್ಟೆಯುಬ್ಬರವಾಗುವವರು ಅವನ್ನು ಮಿತಗೊಳಿಸಬೇಕು. ಬಿಸಿನೀರಿನ ಶಾಖವು ನೋವನ್ನು ತಗ್ಗಿಸುತ್ತದೆ. ಕೈಲಾದಷ್ಟು ನಡಿಗೆ ಹಾಗೂ ವೇಳೆಗೆ ಸರಿಯಾದ ನಿದ್ರೆ ಮೈಗೂ ಮನಸ್ಸಿಗೂ ಹಿತಕರ.

ವೈದ್ಯರ ಬಳಿಗೆ ಎಂದು?

ಇಷ್ಟೆಲ್ಲ ಮಾಡಿದರೂ ಊಟವು ಔಷಧದ ಸ್ಥಾನವನ್ನು ತುಂಬಲಾರದು. ರೋಗವನ್ನು ನಿರ್ಮೂಲಗೊಳಿಸುವ ಚಿಕಿತ್ಸೆ ಇನ್ನೂ ದೊರೆತಿಲ್ಲವಾದರೂ, ನೋವುಶಾಮಕಗಳು, ಹಾರ್ಮೋನು ಔಷಧಿಗಳು ಮತ್ತು ಶಸ್ತ್ರಚಿಕಿತ್ಸೆಯಿಂದ ಅದನ್ನು ಹತೋಟಿಯಲ್ಲಿಡಬಹುದು. ದುಃಖದ ಸಂಗತಿಯೆಂದರೆ, ರೋಗವನ್ನು ಗುರುತಿಸುವಷ್ಟರಲ್ಲಿಯೇ ಅನೇಕರಿಗೆ ವರ್ಷಗಳು ಕಳೆದಿರುತ್ತವೆ. “ಕಷಾಯ ಕುಡಿ, ಪಥ್ಯ ಮಾಡು” ಎಂದು ಕಾಲ ತಳ್ಳುವುದೂ ಈ ವಿಳಂಬಕ್ಕೆ ಒಂದು ಕಾರಣ.

ನೋವು ಬಂದ ದಿನ, ಅದರ ತೀವ್ರತೆ, ಸ್ರಾವದ ಪ್ರಮಾಣಗಳನ್ನು ಎರಡು ಮೂರು ತಿಂಗಳು ಕ್ಯಾಲೆಂಡರಿನಲ್ಲಿ ಗುರುತಿಸಿಡುವುದು ಒಳ್ಳೆಯದು. ವೈದ್ಯರಿಗೆ ಅದೇ ದಾರಿದೀಪ. ಮಲಮೂತ್ರ ವಿಸರ್ಜನೆಯಲ್ಲಿ ಅಥವಾ ದಾಂಪತ್ಯದಲ್ಲಿ ನೋವು, ಬಹುಕಾಲ ಗರ್ಭ ನಿಲ್ಲದಿರುವುದು, ಇವೂ ಸೂಚನೆಗಳೇ. ಇವುಗಳನ್ನು ಹೇಳಿಕೊಳ್ಳಲು ಸಂಕೋಚಪಡುವ ಮಗಳಿಗೆ ತಾಯಿಯೂ ಸೊಸೆಗೆ ಅತ್ತೆಯೂ ಪತ್ನಿಗೆ ಪತಿಯೂ ಜೊತೆಯಾಗಿ ಆಸ್ಪತ್ರೆಗೆ ನಡೆದರೆ, ಅದಕ್ಕಿಂತ ದೊಡ್ಡ ಆರೈಕೆ ಬೇರೊಂದಿಲ್ಲ.