ಆರೋಗ್ಯ ವರದಿಗಾರಿಕೆ: ಮೊದಲ ಪಾಠ ಊರಿನ ಅಂಗಳದಲ್ಲಿ

ಪತ್ರಿಕೋದ್ಯಮ ಕಲಿಯುವ ಮಕ್ಕಳಿಗೆ ಆರೋಗ್ಯ ವರದಿ ಎಂದರೆ ಹೆಚ್ಚಾಗಿ ವೈದ್ಯಕೀಯ ಶಿಬಿರದ ಉದ್ಘಾಟನೆ, ವೇದಿಕೆಯಲ್ಲಿದ್ದವರ ಹೆಸರು, ಒಂದು ಭಾವಚಿತ್ರ. ಊರಿನವರಿಗೆ ಬಂದ ಕಾಯಿಲೆ ಯಾವುದು, ಯಾಕೆ ಬಂತು ಎಂದು ಕೇಳಲು ಅವರಿಗೆ ಕಲಿಸುವುದು ಹೇಗೆ? ಇದಕ್ಕೆ ಉತ್ತರ ನಮ್ಮ ನೆರೆಯ ಕಾಸರಗೋಡಿನಲ್ಲೇ ಇದೆ.

ಅಲ್ಲಿನ ಸರಕಾರಿ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟವನ್ನು ತಡೆಯಲು 20 ವರ್ಷಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 1979ರಲ್ಲಿ ಪಡ್ರೆ ಗ್ರಾಮದಲ್ಲಿ ಕರುಗಳು ಸೊಟ್ಟ ಕಾಲುಗಳೊಂದಿಗೆ ಹುಟ್ಟಿದಾಗ, ಇದೇಕೆ ಹೀಗೆ ಎಂದು ಕೇಳಿ ಬರೆದವರು ಕೃಷಿಕ ಪತ್ರಕರ್ತ ಶ್ರೀ ಪಡ್ರೆ. ಬಳಿಕ ಅದೇ ಪರಿಸರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಅಕ್ಕಪಕ್ಕದ ಮನೆಗಳಿಂದಲೇ ಬುದ್ಧಿಮಾಂದ್ಯತೆ, ಅಪಸ್ಮಾರ, ಕ್ಯಾನ್ಸರ್‌ನಂತಹ ಕಾಯಿಲೆಯವರು ಬರುತ್ತಿರುವುದನ್ನು ಗಮನಿಸಿ ಲೋಕದ ಮುಂದಿಟ್ಟರು.

ಇದರಲ್ಲಿ ವಿದ್ಯಾರ್ಥಿಗಳಿಗೆ ಮೂರು ಪಾಠಗಳಿವೆ.

ಮೊದಲನೆಯದು, ಸುದ್ದಿಯ ಮೂಲ ಜಿಲ್ಲಾ ಕಚೇರಿ ಮಾತ್ರವಲ್ಲ. ದನ ಸಾಕುವವರು, ಆಶಾ ಕಾರ್ಯಕರ್ತೆ, ಹಳ್ಳಿಯ ವೈದ್ಯರು ಬದಲಾವಣೆಯನ್ನು ಮೊದಲು ಕಾಣುತ್ತಾರೆ. ಒಂದೇ ಊರಿಗೆ ಮತ್ತೆ ಮತ್ತೆ ಹೋದರೆ ಮಾತ್ರ ಅವರು ಮನಬಿಚ್ಚಿ ಮಾತನಾಡುತ್ತಾರೆ.

ಎರಡನೆಯದು, ಅನುಮಾನವೇ ಪುರಾವೆಯಲ್ಲ. ಹೋಲಿಸಿ ನೋಡಬೇಕು. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಜ್ಞರು ಗೇರು ಗುಡ್ಡದ ಬುಡದ ಊರಿನ 117 ಹುಡುಗರನ್ನು, ಸಿಂಪಡಣೆ ಇಲ್ಲದ ಊರಿನ 90 ಹುಡುಗರೊಂದಿಗೆ ಹೋಲಿಸಿದರು. ಮೊದಲಿನವರಲ್ಲಿ ಪ್ರೌಢಾವಸ್ಥೆ ತಡವಾಗುತ್ತಿರುವುದು ಕಂಡುಬಂತು. ಎಲ್ಲ ಕಾಯಿಲೆಗೂ ಇದೇ ಕಾರಣ ಎಂದು ಆ ಅಧ್ಯಯನ ಹೇಳಲಿಲ್ಲ, ವರದಿಗಾರನೂ ಹೇಳಬಾರದು.

ಮೂರನೆಯದು ಅತ್ಯಂತ ಕಷ್ಟದ್ದು. ಹಾಸಿಗೆ ಹಿಡಿದ ಮಗುವಿನ ಚಿತ್ರ ಓದುಗರ ಮನ ಕಲಕುತ್ತದೆ ನಿಜ. ಆದರೆ ಆ ತಾಯಿ ಎಷ್ಟು ಕ್ಯಾಮರಾಗಳ ಮುಂದೆ ಮಗುವನ್ನು ಎತ್ತಿ ತೋರಿಸಬೇಕು? ಒಪ್ಪಿಗೆ ಕೇಳುವುದು, ಬೇಡವೆಂದರೆ ಸುಮ್ಮನೆ ಹಿಂದಿರುಗುವುದು, ಬರೆದದ್ದನ್ನು ಮರಳಿ ಆ ಮನೆಯವರಿಗೆ ಓದಿ ಹೇಳುವುದು, ಇಷ್ಟನ್ನು ನಾವು ಕಲಿಸಲೇಬೇಕು.

ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು; ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿದ್ದು 2017ರಲ್ಲಿ. ಕರುಗಳು ಎಚ್ಚರಿಸಿ ಆಗಲೇ ಮೂರು ದಶಕ ಕಳೆದಿತ್ತು. ಮನೆಮನೆಗೆ ಹೋಗುವ ಧರ್ಮಕೇಂದ್ರಗಳ ಸೇವಾಕರ್ತರು ಇಂತಹ ವಿದ್ಯಾರ್ಥಿಗಳಿಗೆ ಊರಿನ ದಾರಿ ತೋರಿಸಿದರೆ, ಮುಂದಿನ ಎಚ್ಚರಿಕೆಯಾದರೂ ಬೇಗ ಕೇಳಿಸೀತು.