ನಿಮಗಿದು ಗೊತ್ತೆ? ಮನೆದೇವರೇ ವಂಶದ ವಿಳಾಸ
ಇಂಗ್ಲೆಂಡಿನಲ್ಲಿ ಅಜ್ಜ-ಮುತ್ತಜ್ಜರನ್ನು ಹುಡುಕುವವರು ಮೊದಲು ಅವರ ಊರಿನ ಚರ್ಚು ಯಾವುದೆಂದು ಗುರುತಿಸಿಕೊಳ್ಳುತ್ತಾರೆ. ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ಅಲ್ಲಿನ ಚರ್ಚುಗಳಿಗೆ 1538ರಲ್ಲೇ ಅಪ್ಪಣೆಯಾಗಿತ್ತು. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಸುಳಿವು ಕೊಡುವುದು ಮನೆದೇವರು. ತೆಂಗಿನ ತೋಟ ಬಿಟ್ಟು ಬೆಂಗಳೂರು ಸೇರಿ ಮೂರು ತಲೆಮಾರಾದರೂ ಮುಡಿ ಕೊಡುವ ಗುಡಿ ಬದಲಾಗುವುದು ಅಪರೂಪ. ಆದರೆ ಮನೆದೇವರು ತಿರುಪತಿ ತಿಮ್ಮಪ್ಪನೋ ಎಡೆಯೂರು ಸಿದ್ಧಲಿಂಗೇಶ್ವರನೋ ಆಗಿದ್ದರೆ ಮೂಲದ ಊರು ಸಿಕ್ಕೀತೆಂದು ನೆಚ್ಚಬೇಡಿ. ನಾಡೆಲ್ಲ ಅವರ ಒಕ್ಕಲೇ! ಪುಟ್ಟ ಗ್ರಾಮದೇವತೆಯಾದರೆ ಹುಡುಕಾಟ ಸಲೀಸು. ಒಂದೇ ಊರಿನಲ್ಲೂ ಎಚ್ಚರ ಬೇಕು: ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೇ ಶತಮಾನದ ಕಲ್ಲೇಶ್ವರನೂ ಇದ್ದಾನೆ, ಹೊಯ್ಸಳರ ಕಾಲದ ಚನ್ನಕೇಶವನೂ ಇದ್ದಾನೆ. ತೀರ ಹಳೆಯ ಕಾಗದಗಳಲ್ಲಿ ತಿಪಟೂರು ತಾಲ್ಲೂಕೇ ಕಾಣದಿರಬಹುದು. ಆಗ ತಾಲ್ಲೂಕು ಕೇಂದ್ರ ಹೊನ್ನವಳ್ಳಿ. ಗುಡಿಯ ಶಾಸನಗಳಿಗೆ ಬಿ.ಎಲ್. ರೈಸ್ 1904ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ ನೋಡಬೇಕು. ಅಲ್ಲಿ ಸಿಗುವವರು ಹೆಚ್ಚಾಗಿ ದಾನ ಕೊಟ್ಟವರು, ದಂಡನಾಯಕರು. ರಾಗಿ ಬೆಳೆದವರ ಹೆಸರು ಬೇಕೆಂದರೆ ಹೆಳವರನ್ನೇ ಕೇಳಬೇಕು. ಎತ್ತಿನೊಡನೆ ಮನೆಮನೆಗೆ ಬಂದು ವಂಶಾವಳಿ ಹೇಳಿ, ಕಾಳು-ಕಾಸು ಪಡೆದು, ಹೊಸದಾಗಿ ಹುಟ್ಟಿದವರ ಹೆಸರನ್ನೂ ಸೇರಿಸಿಕೊಂಡು ಹೋಗುವುದು ಅವರ ಕುಲಕಸುಬು.